ಹಳೆಯ ಡ್ರಿಲ್‌ಗೆ ಹೊಸ ಬ್ಯಾಟರಿ: ಕಾಯಕದ ಮನೆಗಳು ತಿಳಿಯಬೇಕಾದ ವಿಚಾರ

ಶರಣರ ಪರಂಪರೆಯಲ್ಲಿ ಕಾಯಕಕ್ಕೆ ಎಷ್ಟು ಗೌರವವಿದೆಯೋ ಕಾಯಕದ ಸಾಧನಕ್ಕೂ ಅಷ್ಟೇ ಗೌರವವಿದೆ. 12ನೆಯ ಶತಮಾನದಲ್ಲಿ ಮರಗೆಲಸವನ್ನು ಕಾಯಕವಾಗಿ ಕೈಕೊಂಡಿದ್ದ ಶರಣರೊಬ್ಬರು ಬಾಚಿಕಾಯಕದ ಬಸವಣ್ಣನವರೆಂದೇ ಪ್ರಸಿದ್ಧರಾದರು; ಕೈಯಲ್ಲಿದ್ದ ಬಾಚಿಯೇ ಅವರ ಹೆಸರಿನ ಭಾಗವಾಯಿತು. ಬಾಚಿಯ ಹಿಡಿ ಸವೆದರೆ ಬಡಗಿಯು ಹೊಸ ಹಿಡಿಯನ್ನು ಹಾಕಿಕೊಳ್ಳುತ್ತಾನೆ; ಅಲಗು ಗಟ್ಟಿಯಾಗಿರುವವರೆಗೆ ಬಾಚಿಯನ್ನು ಎಸೆಯುವುದಿಲ್ಲ. ಇಂದು ಬಡಗಿಗಳ, ವಿದ್ಯುತ್ ಕೆಲಸಗಾರರ, ಕೊಳಾಯಿ ಕೆಲಸದವರ ಕೈಗೆ ಬ್ಯಾಟರಿ ಡ್ರಿಲ್ ಬಂದಿದೆ. ಅದರ ಮೋಟಾರು ಚೆನ್ನಾಗಿದ್ದು ಬ್ಯಾಟರಿ ಮಾತ್ರ ಸತ್ತಾಗ ಮಾಡಬೇಕಾದುದೇನು? ಹೊಸ ಬ್ಯಾಟರಿಯನ್ನು ಹೊಂದಿಸಿಕೊಳ್ಳುವುದೋ, ಉಪಕರಣವನ್ನೇ ಬದಲಿಸುವುದೋ?

ಯಶವಂತಪುರಕ್ಕೆ ಹೊಂದಿಕೊಂಡಿರುವ ನಮ್ಮ ಮತ್ತಿಕೆರೆಯಲ್ಲಿ ಈ ಪ್ರಶ್ನೆ ಹಲವು ಮನೆಗಳದ್ದು. ಬಿ.ಇ.ಎಲ್. ಮತ್ತು ಎಚ್.ಎಂ.ಟಿ. ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ಹಿರಿಯರು, ಸ್ವಂತ ಕೆಲಸ ಹಿಡಿದ ಯುವಕರು, ಅಮೆರಿಕದಿಂದ ಮಗನೋ ಅಳಿಯನೋ ತಂದುಕೊಟ್ಟ ಡ್ರಿಲ್ ಅನ್ನು ಬೀರುವಿನಲ್ಲಿಟ್ಟಿರುವ ಗೃಹಸ್ಥರು, ಎಲ್ಲರಿಗೂ ಉಪಯೋಗವಾಗಲೆಂದು ಈ ವಿಚಾರವನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಎರಡು ಬಗೆಯ ಬ್ಯಾಟರಿಗಳು

ಹಳೆಯ ಬ್ಯಾಟರಿ ಉಪಕರಣಗಳಲ್ಲಿ ಹೆಚ್ಚಾಗಿ ಇದ್ದುದು ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿ. ಇದನ್ನು ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ಕಂಡುಹಿಡಿದರು. ಲಿಥಿಯಂ ಅಯಾನ್ ಬ್ಯಾಟರಿಯನ್ನು ಸೋನಿ ಸಂಸ್ಥೆ 1991ರಲ್ಲಿ ಮಾರುಕಟ್ಟೆಗೆ ತಂದಿತು. 2005ರ ಹೊತ್ತಿಗೆ ಅದು ಡ್ರಿಲ್, ಗರಗಸಗಳಿಗೂ ಬಂದಿತು. ಇದನ್ನು ರೂಪಿಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ನಿಕ್ಕಲ್ ಕ್ಯಾಡ್ಮಿಯಂ ಸೆಲ್ ಒಂದರ ಶಕ್ತಿ 1.2 ವೋಲ್ಟ್, ಲಿಥಿಯಂ ಸೆಲ್ಲಿನದು 3.6 ವೋಲ್ಟ್. ಆದುದರಿಂದ 18 ವೋಲ್ಟಿನ ಹಳೆಯ ಬ್ಯಾಟರಿಯಲ್ಲಿ 15 ಸೆಲ್‌ಗಳಿದ್ದರೆ ಹೊಸದರಲ್ಲಿ 5 ಸೆಲ್‌ಗಳ ಸಾಲು ಸಾಕು. ಪೂರ್ಣ ಚಾರ್ಜ್ ಆದ ಕ್ಷಣದ ವೋಲ್ಟೇಜನ್ನು ಲೆಕ್ಕ ಹಿಡಿದು ಕೆಲವು ಕಂಪನಿಗಳು ಇದೇ 5 ಸೆಲ್ಲಿನ ಬ್ಯಾಟರಿಯ ಮೇಲೆ '20 ವೋಲ್ಟ್ ಮ್ಯಾಕ್ಸ್' ಎಂದು ಮುದ್ರಿಸುತ್ತವೆ. ಹೆಸರು ಬೇರೆಯಾದರೂ ಶಕ್ತಿ ಒಂದೇ. 18ಕ್ಕಿಂತ 20 ದೊಡ್ಡದೆಂದು ಹೆಚ್ಚು ಹಣ ಕೊಡಬೇಕಾಗಿಲ್ಲ.

ಸ್ವಭಾವದಲ್ಲಿ ಮಾತ್ರ ಇವೆರಡಕ್ಕೂ ಬಹಳ ಅಂತರವಿದೆ. ನಿಕ್ಕಲ್ ಬ್ಯಾಟರಿ ಬರಿದಾಗುವವರೆಗೆ ದುಡಿಸಿದರೂ ಸಹಿಸುತ್ತದೆ. ಆದರೆ ಕಪಾಟಿನಲ್ಲಿಟ್ಟರೆ ತಾನಾಗಿಯೇ ಬೇಗ ಇಳಿದುಹೋಗುತ್ತದೆ. ಲಿಥಿಯಂ ಬ್ಯಾಟರಿ ತಿಂಗಳುಗಟ್ಟಲೆ ಚಾರ್ಜ್ ಹಿಡಿದುಕೊಳ್ಳುತ್ತದೆ. ಆದರೆ ಸೆಲ್ ಒಂದಕ್ಕೆ ಸುಮಾರು 2.5 ವೋಲ್ಟಿಗಿಂತ ಕೆಳಗಿಳಿದರೆ ಕೆಡುತ್ತದೆ, 4.2 ವೋಲ್ಟ್ ಮೀರಿ ತುಂಬಿದರೆ ಬೆಂಕಿಯ ಭಯವಿದೆ. ಹಳೆಯ ಡ್ರಿಲ್ ಈ ಮಿತಿಗಳನ್ನು ಅರಿಯದು. ಮಿತಿ ಕಾಯುವ ಕಾವಲು ಬ್ಯಾಟರಿಯ ಒಳಗಾಗಲಿ, ಜೋಡಿಸುವ ಅಡಾಪ್ಟರಿನ ಒಳಗಾಗಲಿ ಇರಲೇಬೇಕು.

ಹೊಂದಿಸುವ ಮಾರ್ಗ

ಎಲ್ಲ ಕಂಪನಿಗಳ ನೀತಿಯೂ ಒಂದೇ ಅಲ್ಲ. ರಿಯೋಬಿ ಸಂಸ್ಥೆಯು 1996ರಿಂದ ತನ್ನ 18 ವೋಲ್ಟ್ ಬ್ಯಾಟರಿಯ ಆಕಾರವನ್ನು ಬದಲಿಸಿಲ್ಲ. ಹೊಸ ಲಿಥಿಯಂ ಬ್ಯಾಟರಿ ಅದರ ಹಳೆಯ ಉಪಕರಣಕ್ಕೂ ಕೂರುತ್ತದೆ. ಡಿವಾಲ್ಟ್ ಸಂಸ್ಥೆಯು ತನ್ನ ಹಳೆಯ 18 ವೋಲ್ಟ್ ಉಪಕರಣಗಳಿಗೆ ಹೊಸ 20 ವೋಲ್ಟ್ ಮ್ಯಾಕ್ಸ್ ಬ್ಯಾಟರಿ ಜೋಡಿಸಲು ಅಡಾಪ್ಟರನ್ನು ತಯಾರಿಸಿತು. 1951ರಲ್ಲಿ ಮೈಕೋ ಎಂಬ ಹೆಸರಿನಿಂದ ಆರಂಭವಾಗಿ ಬೆಂಗಳೂರಿಗರ ಮನೆಮಾತಾದ ಬಾಷ್ ಸಂಸ್ಥೆಯ ವೃತ್ತಿಪರ 18 ವೋಲ್ಟ್ ಸಾಲಿನಲ್ಲಿ 2008ರಿಂದ ಬಂದ ಲಿಥಿಯಂ ಬ್ಯಾಟರಿಗಳೂ ಉಪಕರಣಗಳೂ ಪರಸ್ಪರ ಹೊಂದುತ್ತವೆ. ಕೊಳ್ಳುವ ಮೊದಲು ಹಳೆಯ ಉಪಕರಣವನ್ನೇ ಅಂಗಡಿಗೆ ಒಯ್ದು, ಅದರ ಮೇಲಿನ ಮಾದರಿ ಸಂಖ್ಯೆಯನ್ನು ತೋರಿಸಿ ಕೇಳುವುದು ಕ್ಷೇಮ.

ಇಲ್ಲಿ ಕೆಲವು ಎಚ್ಚರಿಕೆಗಳು ಅಗತ್ಯ. ಲಿಥಿಯಂ ಬ್ಯಾಟರಿಯನ್ನು ಹಳೆಯ ನಿಕ್ಕಲ್ ಚಾರ್ಜರಿಗೆ ಎಂದೂ ಹಾಕಬಾರದು. ಕೆಲಸ ಮುಗಿದೊಡನೆ ಬ್ಯಾಟರಿಯನ್ನು ಅಡಾಪ್ಟರಿನಿಂದ ಬಿಡಿಸಿಡಬೇಕು. ಇಲ್ಲವಾದರೆ ಅದು ನಿಧಾನವಾಗಿ ಬರಿದಾಗುತ್ತದೆ. ವೋಲ್ಟ್ ಒಂದೇ ಇದ್ದು ಆಂಪಿಯರ್ ಅವರ್ ಹೆಚ್ಚಿದ್ದರೆ ತೊಂದರೆಯಿಲ್ಲ, ಹೆಚ್ಚು ಹೊತ್ತು ದುಡಿಯುತ್ತದೆ. ಆದರೆ ಹೊಸ ಬ್ಯಾಟರಿ ಹೆಚ್ಚಿನ ವಿದ್ಯುತ್ತನ್ನು ಸರಾಗವಾಗಿ ಕೊಡಬಲ್ಲದಾದ್ದರಿಂದ, ಬಿಟ್ ಸಿಕ್ಕಿಕೊಂಡಾಗಲೂ ಗುಂಡಿ ಒತ್ತಿ ಹಿಡಿದರೆ ಹಳೆಯ ಮೋಟಾರು ಸುಡುವ ಅಪಾಯವಿದೆ.

ಹಳೆಯ ಪೆಟ್ಟಿಗೆಯನ್ನು ಬಿಚ್ಚಿ ಒಳಗಿನ ಸೆಲ್‌ಗಳನ್ನು ಬದಲಿಸಿಕೊಡುವವರೂ ನಗರದಲ್ಲಿದ್ದಾರೆ. ಅದೇ ಬಗೆಯ, ಅಷ್ಟೇ ಸಂಖ್ಯೆಯ ಸೆಲ್‌ಗಳನ್ನು ಸ್ಪಾಟ್ ವೆಲ್ಡಿಂಗ್ ಮಾಡಿ ಕೂರಿಸಿದರೆ ಆಕ್ಷೇಪವಿಲ್ಲ. ಆದರೆ ನಿಕ್ಕಲ್ ತೆಗೆದು, ರಕ್ಷಣಾ ಮಂಡಲವಿಲ್ಲದ ಅಗ್ಗದ ಲಿಥಿಯಂ ಸೆಲ್ ತುಂಬಿ, ಹಳೆಯ ಚಾರ್ಜರನ್ನೇ ಬಳಸಿರೆಂದು ಹೇಳಿದರೆ ಅಲ್ಲಿಂದ ಎದ್ದು ಬರುವುದೇ ಲೇಸು. ಗೋಡೆಗೆ ಗೋಡೆ ತಾಗಿದ ನಮ್ಮ ಓಣಿಗಳಲ್ಲಿ, ರಾತ್ರಿ ಚಾರ್ಜಿಗಿಟ್ಟ ಬ್ಯಾಟರಿಗೆ ಬೆಂಕಿ ಹತ್ತಿದರೆ ಅಪಾಯ ಒಂದು ಮನೆಗಷ್ಟೇ ಅಲ್ಲ.

ವಿದೇಶದಿಂದ ತರುವವರಿಗೆ

ಅಮೆರಿಕದಲ್ಲಿ ಮನೆಗಳಿಗೆ ಬರುವ ವಿದ್ಯುತ್ತು 120 ವೋಲ್ಟ್, ನಮ್ಮಲ್ಲಿ 230. ಅಲ್ಲಿಯ ಚಾರ್ಜರ್ ಮೇಲೆ 120 ಎಂದಷ್ಟೇ ಬರೆದಿದ್ದರೆ ನೇರವಾಗಿ ನಮ್ಮ ಪ್ಲಗ್ಗಿಗೆ ಹಾಕಬಾರದು. ಅದೇ ಕಂಪನಿಯ 230 ವೋಲ್ಟ್ ಚಾರ್ಜರನ್ನು ಇಲ್ಲಿ ಕೊಂಡರೆ ಸಾಕು. ವಿಮಾನದಲ್ಲಿ ಬಿಡಿ ಲಿಥಿಯಂ ಬ್ಯಾಟರಿಯನ್ನು ಕೈಚೀಲದಲ್ಲಿಯೇ ತರಬೇಕು, ಡ್ರಿಲ್ ಅನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕಬೇಕು. 100 ವ್ಯಾಟ್ ಅವರ್‌ವರೆಗಿನ ಬ್ಯಾಟರಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. 18 ವೋಲ್ಟನ್ನು 5 ಆಂಪಿಯರ್ ಅವರ್‌ನಿಂದ ಗುಣಿಸಿದರೆ 90. 6ರಿಂದ ಗುಣಿಸಿದರೆ 108. ಮಕ್ಕಳಿಗೆ ಹೇಳಿ ತರಿಸುವಾಗ ಈ ಲೆಕ್ಕ ನೆನಪಿರಲಿ.

ಬದಲಿಸುವುದು ಯಾವಾಗ?

ಬ್ಯಾಟರಿಗೆ ಹಣ ಹಾಕುವ ಮೊದಲು ಉಪಕರಣದ ದೇಹವನ್ನು ಪರೀಕ್ಷಿಸಬೇಕು. ಬಿಟ್ ಹಿಡಿಯುವ ಚಕ್ ಅಲುಗಾಡುವುದೇ? ಗೇರು ಕರಕರನೆ ಸದ್ದು ಮಾಡುವುದೇ? ಮೋಟಾರಿನಿಂದ ಸುಟ್ಟ ವಾಸನೆ ಬರುವುದೇ? ಹೌದೆಂದಾದರೆ ಅದಕ್ಕೆ ಹೊಸ ಬ್ಯಾಟರಿ ವ್ಯರ್ಥ. ಬ್ಯಾಟರಿ, ಚಾರ್ಜರ್, ಅಡಾಪ್ಟರ್ ಮೂರರ ಬೆಲೆ ಹೊಸ ಡ್ರಿಲ್ಲಿನ ಬೆಲೆಯ ಸಮೀಪಕ್ಕೆ ಬಂದರೂ ಬದಲಿಸುವುದೇ ಜಾಣತನ.

ದಿನವೂ ಇದರಿಂದಲೇ ಅನ್ನ ಸಂಪಾದಿಸುವವರು ಒಂದೇ ಕಂಪನಿಯ ಒಂದೇ ಸಾಲನ್ನು ಆರಿಸಿಕೊಂಡರೆ ಎರಡು ಬ್ಯಾಟರಿಗಳಲ್ಲಿ ನಾಲ್ಕು ಉಪಕರಣಗಳು ನಡೆಯುತ್ತವೆ. ಮರಗೆಲಸವೂ ಸೇರಿ 18 ಸಾಂಪ್ರದಾಯಿಕ ಕಸುಬುಗಳವರಿಗಾಗಿ 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ ಉಪಕರಣಗಳಿಗೆಂದು 15,000 ರೂಪಾಯಿಗಳ ನೆರವಿದೆ. ಮೊದಲ ಹಂತದಲ್ಲಿ 1 ಲಕ್ಷ ರೂಪಾಯಿವರೆಗೆ ಶೇಕಡ 5ರ ಬಡ್ಡಿಯಲ್ಲಿ ಸಾಲವೂ ಉಂಟು. ಕೈಸಾಲ ಮಾಡುವ ಮುನ್ನ ಅರ್ಹರು ಇದನ್ನು ವಿಚಾರಿಸಬೇಕು.

ವರ್ಷಕ್ಕೆ ನಾಲ್ಕು ಬಾರಿ ಪಟ ತೂಗುಹಾಕಲು, ಪರದೆಯ ಕೊಳವೆ ಕೂರಿಸಲು ಮಾತ್ರ ಬೇಕೆನ್ನುವ ಗೃಹಸ್ಥರಿಗೆ ಇವೆರಡೂ ಬೇಡವಾಗಬಹುದು. ಅವರಿಗೆ ವೈರಿನ ಸಾಧಾರಣ ಹ್ಯಾಮರ್ ಡ್ರಿಲ್ ಒಂದು ಸಾಕು. ಅದರಲ್ಲಿ ಸಾಯುವ ಬ್ಯಾಟರಿಯಿಲ್ಲ. ಕಾಂಕ್ರೀಟ್ ಗೋಡೆಗೆ ಅದೇ ಮೇಲು.

ಸತ್ತ ಬ್ಯಾಟರಿಯ ಗತಿ

ಕ್ಯಾಡ್ಮಿಯಂ ವಿಷಲೋಹ. ಯುರೋಪಿನ ಒಕ್ಕೂಟವು 2016ರ ಅಂತ್ಯದಿಂದ ಇಂತಹ ಉಪಕರಣಗಳಲ್ಲಿ ಅದರ ಬಳಕೆಯನ್ನೇ ನಿಲ್ಲಿಸಿತು. ನಮ್ಮ ದೇಶದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿ ಮರಳಿ ಪಡೆಯುವ ಹೊಣೆಯನ್ನು ತಯಾರಕರ ಮೇಲಿರಿಸಿವೆ. ಅದನ್ನು ಮನೆಯ ಕಸದೊಡನೆ ಬೆರೆಸದೆ ಪ್ರತ್ಯೇಕವಾಗಿ ಒಪ್ಪಿಸುವ ಹೊಣೆ ಬಳಸುವವರದ್ದು. ಕಸದ ಗಾಡಿಗೆ ಹಾಕಿದರೆ ಅದನ್ನು ಬರಿಗೈಯಲ್ಲಿ ಬೇರ್ಪಡಿಸುವವರೂ ಕಾಯಕಜೀವಿಗಳೇ ಎಂಬುದನ್ನು ಮರೆಯಬಾರದು.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದ ಪ್ರಸಂಗ ನಮ್ಮೆಲ್ಲರಿಗೂ ತಿಳಿದುದೇ. ಕಾಯಕಕ್ಕೆ ಬೇಕಾದುದನ್ನು ಕೊಳ್ಳಲು ಹಿಂಜರಿಯಬೇಕಾಗಿಲ್ಲ. ಹೊಸತೆಂಬ ಒಂದೇ ಕಾರಣಕ್ಕೆ ಕೊಳ್ಳಬೇಕಾಗಿಯೂ ಇಲ್ಲ. ಹೊಸ ಉಪಕರಣ ಮನೆಗೆ ಬಂದಾಗ ಸುಸ್ಥಿತಿಯಲ್ಲಿರುವ ಹಳೆಯದನ್ನು ಹೊಂದುವ ಬ್ಯಾಟರಿಯೊಡನೆ ಕಸುಬು ಕಲಿಯುತ್ತಿರುವ ಹುಡುಗನೊಬ್ಬನಿಗೆ ಕೊಟ್ಟರೆ, ಅದೂ ದಾಸೋಹವೇ ಆಗುತ್ತದೆ.