ಜೋಗಿಮಟ್ಟಿ ತಪ್ಪಲಿಗೆ ಕೊರಿಯಾ ಗಾಳಿ!

ಚಿತ್ರದುರ್ಗ: ಜೋಗಿಮಟ್ಟಿ ಗಾಳಿಗೆ ಹೆಸರಾದ ಗುಡ್ಡ. ಈಗ ಅದರ ತಪ್ಪಲಿಗೂ ಹೊಸದೊಂದು ಗಾಳಿ ಬೀಸಿದೆ. ಮೊಬೈಲಿನಲ್ಲಿ ದಕ್ಷಿಣ ಕೊರಿಯಾದ ಧಾರಾವಾಹಿ, ಹಾಡು ನೋಡಿದ ಮಕ್ಕಳು ‘ಆ ಭಾಷೆ ಕಲೀತೀವಿ’ ಅಂದರೆ ಹೆತ್ತವರು ನಗಬಾರದು. ಹಾಗಂತ ಕೇಳಿದ ಕೂಡಲೇ ಗಲ್ಲಾಪೆಟ್ಟಿಗೆ ತೆರೆಯಲೂ ಬಾರದು.

ನಗಬಾರದು ಯಾಕೆಂದರೆ, ಕೊರಿಯಾ ಈಗ ದೂರದ ದೇಶವಲ್ಲ. ಹಿರಿಯೂರು, ಸಿರಾ ದಾಟಿ ಮಡಕಶಿರಾ ಕಡೆ ಹೊರಳಿದರೆ ಪೆನುಕೊಂಡ. ಅಲ್ಲಿ ಕೊರಿಯಾದ ಕಿಯಾ ಕಂಪನಿ 2019ರಿಂದ ಕಾರು ತಯಾರಿಸುತ್ತಿದೆ. ಬೆಂಗಳೂರಿನಲ್ಲಿ ಸ್ಯಾಮ್‌ಸಂಗ್, ಎಲ್‌ಜಿ ಕಚೇರಿಗಳಿವೆ. ಎರಡೂ ಭಾಷೆ ಬಲ್ಲವರಿಗೆ ಇಂಥ ಕಡೆ ಬೆಲೆ ಉಂಟು.

ಭಾಷೆಯೂ ಕಬ್ಬಿಣದ ಕಡಲೆಯಲ್ಲ. ಸೆಜೊಂಗ್ ಎಂಬ ರಾಜ ಜನಸಾಮಾನ್ಯರಿಗೆಂದೇ ಮಾಡಿಸಿ 1446ರಲ್ಲಿ ಜಾರಿಗೆ ತಂದ ಲಿಪಿ ಅದು. ಮೂಲಾಕ್ಷರ ಬರೀ 24. ‘ನಾನು ಶಾಲೆಗೆ ಹೋಗುತ್ತೇನೆ’ ಎಂಬಲ್ಲಿ ಕನ್ನಡದ ಹಾಗೇ ಕ್ರಿಯಾಪದ ಕೊನೆಗೆ. ಚಿಕ್ಕವರಿಗೆ ‘ಬಾ’, ದೊಡ್ಡವರಿಗೆ ‘ಬನ್ನಿ’ ಅನ್ನೋ ಮರ್ಯಾದೆ ಅಲ್ಲೂ ಇದೆ. ಅಪ್ಪನಿಗೆ ಅವರೂ ‘ಅಪ್ಪಾ’ ಅಂತಾರೆ! ಹೋಲಿಕೆ ಇದ್ದ ಮಾತ್ರಕ್ಕೆ ಎರಡೂ ಒಂದೇ ಬಳ್ಳಿಯವು ಎಂದು ಪಂಡಿತರು ಒಪ್ಪಿಲ್ಲ. ಆದರೆ ಕಲಿಯುವವರಿಗೆ ಅನುಕೂಲವೇ.

ಎಲ್ಲಿ ಕಲಿಯೋದು? ದೆಹಲಿಯ ಲಜಪತ್ ನಗರದಲ್ಲಿ ಕೊರಿಯಾ ಸರ್ಕಾರದ ಸಾಂಸ್ಕೃತಿಕ ಕೇಂದ್ರ 2012ರಲ್ಲಿ ಶುರುವಾಯಿತು. ಚೆನ್ನೈಯಲ್ಲಿ 2006ರಿಂದ ಇನ್ಕೊ ಸೆಂಟರ್ ಇದೆ. ಎರಡೂ ಕಡೆ ಭಾಷಾ ತರಗತಿ ನಡೆಯುತ್ತವೆ. ಸೆಜೊಂಗ್ ರಾಜನ ಹೆಸರಿನ ಭಾಷಾ ಶಾಲೆಗಳು 80ಕ್ಕೂ ಹೆಚ್ಚು ದೇಶಗಳಲ್ಲಿವೆ. ತಮ್ಮ ನುಡಿ ಪರರಿಗೆ ಕಲಿಸಲು ಅಲ್ಲಿನ ಸರ್ಕಾರ ಹಣ ಸುರಿಯುತ್ತಿದೆ.

ಇನ್ನು ಎಚ್ಚರದ ಮಾತು. ತರಗತಿ ಎಲ್ಲೇ ಮುಗಿಸಲಿ, ಕಂಪನಿ, ಕಾಲೇಜುಗಳು ಕೇಳುವುದು ಸಾಮಾನ್ಯವಾಗಿ ‘ಟೋಪಿಕ್’ ಪರೀಕ್ಷೆಯ ಸರ್ಟಿಫಿಕೇಟು. ಅದರಲ್ಲಿ ಆರು ಹಂತ. ಮೊದಲೆರಡು ಬರೀ ಆರಂಭ. ಸರ್ಟಿಫಿಕೇಟಿನ ಆಯುಸ್ಸು ಎರಡೇ ವರ್ಷ.

‘ಭಾಷೆ ಪರೀಕ್ಷೆ ಪಾಸಾದರೆ ಕೊರಿಯಾದ ಫ್ಯಾಕ್ಟರಿಯಲ್ಲಿ ಕೆಲಸ ಗ್ಯಾರಂಟಿ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನೇಪಾಳ, ಶ್ರೀಲಂಕಾ ಮುಂತಾದ ದೇಶಗಳ ಕಾರ್ಮಿಕರಿಗೆ ಅಂಥದೊಂದು ಸರ್ಕಾರಿ ವ್ಯವಸ್ಥೆ ಇರುವುದು ನಿಜ. ಆ ಪಟ್ಟಿಯಲ್ಲಿ ಭಾರತ ಇಲ್ಲ.

ಕಲಿಯುವ ಆಸೆ ಒಳ್ಳೆಯದೇ. ಬಸ್ಸು ಹತ್ತುವ ಮುಂಚೆ ಬೋರ್ಡು ಓದಿಕೊಂಡರೆ ಸಾಕು.