ಮುದ್ರಣಕ್ಕೆ ಮುನ್ನ ಬಟ್ಟೆ: ಟೀ-ಶರ್ಟ್ ಮುದ್ರಣ ಘಟಕಗಳಿಗೆ ಸಾದಾ ಉಡುಪುಗಳ ಸಗಟು ಖರೀದಿ

ಬೆಂಗಳೂರು ನಗರ ಜಿಲ್ಲೆಯ ಉತ್ತರ ಭಾಗದಲ್ಲಿ, ವಿಶೇಷವಾಗಿ ಯಲಹಂಕದ ಆಚೆಗಿನ ರಾಜಾನುಕುಂಟೆ, ಸಿಂಗನಾಯಕನಹಳ್ಳಿ, ಹೆಸರಘಟ್ಟ ಸುತ್ತಲಿನ ಗ್ರಾಮಗಳಲ್ಲಿ, ಪೀಣ್ಯ, ಯಶವಂತಪುರ, ದೊಡ್ಡಬಳ್ಳಾಪುರಗಳ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದುಡಿದ ಅನುಭವವುಳ್ಳ ಮಹಿಳೆಯರಿದ್ದಾರೆ. ಸ್ವಸಹಾಯ ಸಂಘಗಳ ಇಂತಹ ಸದಸ್ಯೆಯರು ಟೀ-ಶರ್ಟ್ ಮುದ್ರಣ ಘಟಕ ತೆರೆಯಲು ಮುಂದಾದಾಗ ಯಂತ್ರದ ಬೆಲೆ, ಸಾಲ, ಸಹಾಯಧನಗಳ ಕುರಿತು ಸಾಕಷ್ಟು ಚರ್ಚೆ ನಡೆಯುತ್ತದೆ. ಮುದ್ರಿಸಬೇಕಾದ ಸಾದಾ ಟೀ-ಶರ್ಟನ್ನು ಎಲ್ಲಿಂದ ತರಬೇಕು, ಹೇಗೆ ಆರಿಸಬೇಕು ಎಂಬ ಪ್ರಶ್ನೆ ಮಾತ್ರ ಕೊನೆಗೆ ಉಳಿದುಬಿಡುತ್ತದೆ. ಘಟಕದ ಲಾಭ-ನಷ್ಟಗಳು ಬಹುಮಟ್ಟಿಗೆ ಅಲ್ಲಿಯೇ ನಿರ್ಧಾರವಾಗುವುದರಿಂದ ಮಾನ್ಯ ಸದಸ್ಯರ ತಿಳಿವಳಿಕೆಗಾಗಿ ಈ ವಿವರಣೆಯನ್ನು ನೀಡಲಾಗಿದೆ.

ಒಂದು ಸರಳ ಲೆಕ್ಕವನ್ನು ಗಮನಿಸಬಹುದು. ಸಂಘವೊಂದಕ್ಕೆ 100 ಟೀ-ಶರ್ಟುಗಳ ಬೇಡಿಕೆ ಬಂದಿದೆ ಎಂದು ಭಾವಿಸೋಣ. ಸಾದಾ ಅಂಗಿಗೆ 150 ರೂಪಾಯಿ, ಮುದ್ರಣಕ್ಕೆ 40 ರೂಪಾಯಿ, ಮಾರಾಟದ ಬೆಲೆ 220 ರೂಪಾಯಿ. ಎಲ್ಲವೂ ಸರಿಯಾಗಿ ನಡೆದರೆ ಉಳಿಯುವ ಲಾಭ 3,000 ರೂಪಾಯಿ. ಬಣ್ಣ ಹೊಂದದೆ ಅಥವಾ ಅಳತೆ ತಪ್ಪಿ 10 ಅಂಗಿಗಳು ತಿರಸ್ಕೃತವಾದರೆ ಆ ಲಾಭ 800 ರೂಪಾಯಿಗೆ ಇಳಿಯುತ್ತದೆ. 14 ಅಂಗಿಗಳು ತಿರಸ್ಕೃತವಾದರೆ ಅಸಲೇ ಹುಟ್ಟುವುದಿಲ್ಲ. ಅಂಗಿಯೊಂದಕ್ಕೆ 10 ರೂಪಾಯಿ ಅಗ್ಗವಾಗಿ ಕೊಂಡು ಉಳಿಸುವ 1,000 ರೂಪಾಯಿಯು ಐದು ಅಂಗಿಗಳ ಮಾರಾಟದ ಹಣಕ್ಕೂ ಸಮನಲ್ಲ. ನಷ್ಟವಾದಾಗ ಸಂಘದ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ ಎಂಬುದನ್ನು ನೆನಪಿಡಬೇಕು. ಆದ್ದರಿಂದ ಅತಿ ಕಡಿಮೆ ದರದ ವರ್ತಕರನ್ನು ಹುಡುಕುವುದಕ್ಕಿಂತ, ಕೇಳಿದ ಬಟ್ಟೆಯನ್ನೇ ಮತ್ತೆ ಮತ್ತೆ ಕೊಡಬಲ್ಲ ವರ್ತಕರನ್ನು ಹುಡುಕುವುದು ಲೇಸು.

ಯಾವ ಬಟ್ಟೆ ಬೇಕೆಂಬುದನ್ನು ಮುದ್ರಣದ ವಿಧಾನವೇ ಹೇಳುತ್ತದೆ. ಸಬ್ಲಿಮೇಷನ್ ವಿಧಾನದಲ್ಲಿ ಬಣ್ಣವು ಶಾಖಕ್ಕೆ ಆವಿಯಾಗಿ ನೂಲಿನೊಳಗೆ ಸೇರುತ್ತದೆ. ಇದು ತಿಳಿ ಬಣ್ಣದ ಪಾಲಿಯೆಸ್ಟರ್ ಬಟ್ಟೆಗೆ ಮಾತ್ರ ಒಗ್ಗುತ್ತದೆ. ಹತ್ತಿ ಬಟ್ಟೆಯಲ್ಲಿ ಒಗೆದೊಡನೆ ಮಾಸಿಹೋಗುತ್ತದೆ. ಸ್ಕ್ರೀನ್ ಪ್ರಿಂಟಿಂಗ್ ವಿಧಾನಕ್ಕೆ ಹತ್ತಿಯೇ ಉತ್ತಮ. ಹಾಳೆಯ ಮೇಲೆ ಮುದ್ರಿಸಿ ಬಿಸಿಯೊತ್ತಿನಿಂದ ಅಂಟಿಸುವ ಡಿಟಿಎಫ್ ವಿಧಾನವು ಎರಡೂ ಬಟ್ಟೆಗಳಿಗೆ ನಡೆಯುತ್ತದೆ. ಆದರೂ ಅದರಲ್ಲಿ ಒಂದು ಎಚ್ಚರಿಕೆ ಅಗತ್ಯ. ರಾಜ್ಯೋತ್ಸವದ ಸಮಯದಲ್ಲಿ ಕೆಂಪು ಪಾಲಿಯೆಸ್ಟರ್ ಅಂಗಿಯ ಮೇಲೆ ಬಿಳಿ ಅಕ್ಷರಗಳನ್ನು ಒತ್ತಿದಾಗ, ಬಟ್ಟೆಯ ಬಣ್ಣ ಶಾಖಕ್ಕೆ ಮೇಲೇರಿ ಅಕ್ಷರಗಳು ಗುಲಾಬಿ ಬಣ್ಣಕ್ಕೆ ತಿರುಗುವುದುಂಟು. ಇದು ಕೆಲವೊಮ್ಮೆ ಅಂಗಿಗಳನ್ನು ಹಂಚಿ ಎರಡು ದಿನ ಕಳೆದ ಮೇಲೆ ಕಾಣಿಸಿಕೊಳ್ಳುತ್ತದೆ. ಗಾಢ ಬಣ್ಣ ಬೇಕಾದಲ್ಲಿ ಹತ್ತಿಯನ್ನೇ ಆರಿಸುವುದು ಸುರಕ್ಷಿತ.

ಖರೀದಿಯ ಸ್ಥಳಗಳ ವಿಚಾರಕ್ಕೆ ಬಂದರೆ, ಹೊಸ ಘಟಕಕ್ಕೆ ಮೊದಲ ಮೆಟ್ಟಿಲು ಚಿಕ್ಕಪೇಟೆ ಮತ್ತು ಅದಕ್ಕೆ ಹೊಂದಿದ ಮಾಮೂಲ್ ಪೇಟೆ. ಯಶವಂತಪುರದಿಂದ ಹಸಿರು ಮಾರ್ಗದ ಮೆಟ್ರೊ ನೇರವಾಗಿ ಚಿಕ್ಕಪೇಟೆಗೆ ತಲುಪಿಸುತ್ತದೆ. ಯಲಹಂಕ, ಹೆಬ್ಬಾಳಗಳಿಂದ ಬಸ್ಸಿನಲ್ಲಿ ಮೆಜೆಸ್ಟಿಕ್ ತಲುಪಿದರೆ ಅಲ್ಲಿಂದ ಒಂದೇ ನಿಲ್ದಾಣ. ಇಲ್ಲಿ ಬಟ್ಟೆಯನ್ನು ಕೈಯಲ್ಲಿ ಮುಟ್ಟಿ ನೋಡಬಹುದು, ಕಡಿಮೆ ಸಂಖ್ಯೆಯಲ್ಲಿ ಕೊಳ್ಳಬಹುದು, ಕಡಿಮೆ ಬಿದ್ದ ನಾಲ್ಕು ಅಂಗಿಗಳನ್ನು ಮರುದಿನವೇ ತರಬಹುದು. ದರ ತುಸು ಹೆಚ್ಚೆನಿಸಿದರೂ ಈ ಅನುಕೂಲಗಳಿಗೆ ಬೆಲೆಯಿದೆ. 100 ಅಂಗಿಗಳ ಮೂಟೆ ಸುಮಾರು 20 ಕೆ.ಜಿ. ತೂಗುವುದರಿಂದ ಹಿಂದಿರುಗುವ ಆಟೊ ಬಾಡಿಗೆಯನ್ನೂ ಲೆಕ್ಕಕ್ಕೆ ಸೇರಿಸಬೇಕು.

ಹೆಣೆದ ಹತ್ತಿ ಉಡುಪುಗಳಿಗೆ ದೇಶದ ಪ್ರಮುಖ ಕೇಂದ್ರವಾದ ತಮಿಳುನಾಡಿನ ತಿರುಪ್ಪೂರು ಇಲ್ಲಿಂದ 300 ಕಿ.ಮೀ.ಗೂ ಹೆಚ್ಚು ದೂರದಲ್ಲಿ, ಸೇಲಂ-ಈರೋಡ್ ರೈಲು ಮಾರ್ಗದಲ್ಲಿದೆ. ಅಲ್ಲಿ ಎರಡು ಬಗೆಯ ಮಾರಾಟಗಾರರಿದ್ದಾರೆ. ಬೇಡಿಕೆ ಬಂದ ಮೇಲೆ ಬಟ್ಟೆಗೆ ಬಣ್ಣ ಹಾಕಿಸಿ ಹೊಲಿಯುವವರು ಪ್ರತಿ ಬಣ್ಣಕ್ಕೂ ಕನಿಷ್ಠ ಸಂಖ್ಯೆಯನ್ನು ನಿಗದಿಪಡಿಸುತ್ತಾರೆ. ಸಿದ್ಧ ದಾಸ್ತಾನು ಇಟ್ಟುಕೊಂಡವರು ಕಡಿಮೆ ಸಂಖ್ಯೆಯನ್ನೂ ಪಾರ್ಸೆಲ್ ಮೂಲಕ ಕಳುಹಿಸುತ್ತಾರೆ. ಸಣ್ಣ ಸಂಘಕ್ಕೆ ಎರಡನೆಯ ಬಗೆಯವರೇ ಸೂಕ್ತ. ಗ್ರಾಮ ಪಂಚಾಯತಿ ಮಟ್ಟದ ಒಕ್ಕೂಟವು ಹಲವು ಸಂಘಗಳ ಬೇಡಿಕೆಯನ್ನು ಒಗ್ಗೂಡಿಸಿದರೆ ಮೊದಲನೆಯವರೊಡನೆಯೂ ವ್ಯವಹರಿಸಬಹುದು. ಕಾರ್ಖಾನೆಗಳ ಮಿಕ್ಕ ಮಾಲು ಅಗ್ಗವಾಗಿ ದೊರೆತರೂ ಅದೇ ಬಣ್ಣ, ಅದೇ ಅಳತೆ ಎರಡನೆಯ ಬಾರಿ ಸಿಗುವ ಭರವಸೆಯಿಲ್ಲ.

ಅಂತರಜಾಲದಲ್ಲಿ ದೊರೆತ ವರ್ತಕರಿಗೆ ಹಣ ಕಳುಹಿಸುವ ಮುನ್ನ ಅವರ ಜಿಎಸ್‌ಟಿ ಸಂಖ್ಯೆಯನ್ನು ಕೇಳಿ ಪಡೆದು, ಜಿಎಸ್‌ಟಿ ಜಾಲತಾಣದಲ್ಲಿ ಪರಿಶೀಲಿಸತಕ್ಕದ್ದು. 15 ಅಂಕಿ-ಅಕ್ಷರಗಳ ಈ ಸಂಖ್ಯೆಯ ಮೊದಲ ಎರಡು ಅಂಕಿಗಳು ರಾಜ್ಯವನ್ನು ಸೂಚಿಸುತ್ತವೆ: ಕರ್ನಾಟಕಕ್ಕೆ 29, ತಮಿಳುನಾಡಿಗೆ 33. ತಿರುಪ್ಪೂರಿನ ತಯಾರಕರೆಂದು ಹೇಳಿಕೊಂಡವರ ಸಂಖ್ಯೆ ಬೇರೆ ಅಂಕಿಗಳಿಂದ ಆರಂಭವಾದರೆ ವಿವರಣೆ ಕೇಳುವುದು ನ್ಯಾಯ.

ಮಾದರಿ ಅಂಗಿಯನ್ನು ಹಣ ಕೊಟ್ಟಾದರೂ ತರಿಸಿ ಪರೀಕ್ಷಿಸದೆ ಸಗಟು ಖರೀದಿಗೆ ಇಳಿಯಬಾರದು. ಬಟ್ಟೆಯ ದಪ್ಪವನ್ನು ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆಯ ಗ್ರಾಂ ತೂಕದಿಂದ ಅಳೆಯುತ್ತಾರೆ. ನಿತ್ಯ ಬಳಕೆಯ ಹತ್ತಿ ಟೀ-ಶರ್ಟಿಗೆ 180 ಜಿಎಸ್‌ಎಂ ಸಾಮಾನ್ಯ. ವರ್ತಕರ ಮಾತನ್ನು ಪರಿಶೀಲಿಸಲು ಮಾದರಿಯಿಂದ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ತುಂಡನ್ನು ಕತ್ತರಿಸಿ, ಊರಿನ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದರೆ ಸಾಕು. 180 ಜಿಎಸ್‌ಎಂ ಬಟ್ಟೆಯಾದರೆ ಅದು 1.8 ಗ್ರಾಂ ತೂಗಬೇಕು. ಮತ್ತೊಂದು ಮಾದರಿಯ ಎದೆಯಳತೆ ಮತ್ತು ಉದ್ದವನ್ನು ಬರೆದಿಟ್ಟು, ಮುದ್ರಿಸಿ, ಮೂರು ಬಾರಿ ಒಗೆದು ಒಣಗಿಸಿ ಪುನಃ ಅಳೆಯಬೇಕು. ಬಟ್ಟೆ ಕುಗ್ಗುವುದು, ಪಕ್ಕದ ಹೊಲಿಗೆ ಮುಂದಕ್ಕೆ ತಿರುಚಿಕೊಳ್ಳುವುದು, ಮುದ್ರಣ ಬಿರಿಯುವುದು ಈ ಹಂತದಲ್ಲಿಯೇ ತಿಳಿಯುತ್ತದೆ. ಒಂದೇ ಬೇಡಿಕೆಯ ಅಂಗಿಗಳೆಲ್ಲವೂ ಒಂದೇ ಲಾಟಿನ ಬಣ್ಣದ್ದಾಗಿರಬೇಕೆಂದು ಬರಹದಲ್ಲಿ ತಿಳಿಸಬೇಕು. ಎರಡು ಲಾಟಿನ ಹಳದಿ ಬಣ್ಣಗಳು ಅಂಗಡಿಯ ದೀಪದಲ್ಲಿ ಒಂದೇ ಎನಿಸಿ, ಮೆರವಣಿಗೆಯ ಬಿಸಿಲಿನಲ್ಲಿ ಬೇರೆ ಬೇರೆಯಾಗಿ ಕಾಣುತ್ತವೆ. ಒಬ್ಬ ವರ್ತಕರ ‘ಎಂ’ ಅಳತೆ 38 ಅಂಗುಲವಿದ್ದರೆ ಮತ್ತೊಬ್ಬರದು 40 ಇರಬಹುದಾದ್ದರಿಂದ ಅಕ್ಷರದ ಬದಲು ಅಂಗುಲದಲ್ಲಿಯೇ ವ್ಯವಹರಿಸುವುದು ಒಳ್ಳೆಯದು.

ದರ ಕೇಳುವಾಗ ತೆರಿಗೆ ಸೇರಿದೆಯೇ ಎಂದು ವಿಚಾರಿಸಬೇಕು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪುಗಳಿಗೆ ಶೇ. 5ರ ಜಿಎಸ್‌ಟಿ ಅನ್ವಯವಾಗುತ್ತದೆ. ನೋಂದಣಿಯಿಲ್ಲದ ಸಂಘಕ್ಕೆ ಆ ತೆರಿಗೆ ಹಿಂದಿರುಗುವುದಿಲ್ಲವಾದ್ದರಿಂದ 150 ರೂಪಾಯಿಯ ಅಂಗಿಯನ್ನು 157.50 ಎಂದೇ ಎಣಿಸತಕ್ಕದ್ದು. ರಾಜ್ಯದೊಳಗೆ ಸರಕು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರುವವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ಗ್ರಾಹಕರು ತಂದ ಬಟ್ಟೆಗೆ ಮುದ್ರಣ ಮಾತ್ರ ಮಾಡಿಕೊಡುವುದು ಸೇವೆಯಾಗಿದ್ದು, ಅದರ ಮಿತಿ 20 ಲಕ್ಷ. ಸಂಘವು ಜಿಎಸ್‌ಟಿ ಬಿಲ್ಲು ಕೊಡಲಿಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ಸಂಶಯದಿಂದ ನೋಡಬೇಕಾಗಿಲ್ಲ.

ಪಂಚಾಯತಿಯೇ ಗ್ರಾಹಕನಾಗುವ ಸಂದರ್ಭಗಳೂ ಇವೆ. ಸ್ವಚ್ಛತಾ ಸಿಬ್ಬಂದಿಯ ಉಡುಪು, ಕ್ರೀಡಾಕೂಟ, ಜಾಗೃತಿ ಜಾಥಾಗಳಿಗೆ ಖರೀದಿ ನಿಯಮಗಳಿಗೆ ಒಳಪಟ್ಟು ಸ್ಥಳೀಯ ಸಂಘಗಳಿಂದ ಕೊಳ್ಳುವಾಗ ದರದೊಡನೆ ನೂಲಿನ ಬಗೆ, ಜಿಎಸ್‌ಎಂ ಮತ್ತು ಅಂಗುಲದ ಅಳತೆಗಳನ್ನೂ ಆದೇಶದಲ್ಲಿ ನಮೂದಿಸಬೇಕು. ಇವನ್ನು ನಮೂದಿಸದೆ ದರವನ್ನಷ್ಟೇ ಹೋಲಿಸಿದರೆ ತೆಳು ಬಟ್ಟೆ ತಂದವರೇ ಗೆಲ್ಲುತ್ತಾರೆ. ಸಂಘವು ಸಗಟು ವರ್ತಕರಿಗೆ ಮೊದಲೇ ಹಣ ತೆತ್ತಿರುವುದರಿಂದ, ಪೂರೈಕೆಯಾದ ಮಾಲಿನ ಬಿಲ್ಲನ್ನು ಮುಂದಿನ ಸಭೆಗೆ ಮುಂದೂಡದೆ ಪಾವತಿಸುವಂತೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳೊಡನೆ ಸದಸ್ಯರು ಸಮಾಲೋಚಿಸಬೇಕು. ಮಾದರಿ ತರಿಸಿ, ಒಗೆದು ನೋಡಿ, ಸರಕು ಬರಿಸಿ, ಮುದ್ರಿಸಲು ಮೂರು-ನಾಲ್ಕು ವಾರಗಳು ಬೇಕು. ನವೆಂಬರ್ 1ರ ರಾಜ್ಯೋತ್ಸವಕ್ಕಾಗಿ ಅಂಗಿಗಳು ಬೇಕಿದ್ದಲ್ಲಿ ಅಕ್ಟೋಬರ್ ಮೊದಲ ವಾರದೊಳಗೆ ಅಳತೆಪಟ್ಟಿಯು ಸಂಘದ ಕೈಸೇರಿರಬೇಕು.