ಒಂದೇ ಹಲಗೆಯ ಸಣ್ಣ ಕಂಪ್ಯೂಟರನ್ನು ತಾನಾಗಿಯೇ ಹದಕ್ಕೆ ತರುವ ಕ್ರಮ

ಹೊಲದ ತೇವ, ಮಳೆಯ ಅಳತೆ, ಪಂಪಿನ ಓಟ ಮೊದಲಾದವುಗಳನ್ನು ಹಗಲಿರುಳೂ ಬರೆದಿಡುವುದಕ್ಕೂ, ಕ್ಯಾಮೆರಾದ ಚಿತ್ರಗಳಿಂದ ಕೀಟಗಳನ್ನು ಗುರುತಿಸುವುದಕ್ಕೂ, ಅಂಗೈಯಗಲದ ಒಂದೇ ಹಲಗೆಯ ಮೇಲೆ ಕಟ್ಟಿದ ಸಣ್ಣ ಕಂಪ್ಯೂಟರುಗಳು ಈಗ ಉಪಯೋಗಕ್ಕೆ ಬಂದಿರುತ್ತವೆ. ಇಂಥ ಯಂತ್ರವನ್ನು ಕೊಂಡವರು ಅದರ ವೇಗವನ್ನು ಹೆಚ್ಚಿಸಲು ಆತುರಪಡುವುದುಂಟು. ವೇಗವನ್ನು ಹೆಚ್ಚಿಸಬಹುದೆಂಬುದು ನಿಜವೇ. ಆದರೆ ಪುಷ್ಯ ಮಾಸದ ಚಳಿಯಲ್ಲಿ ಚೆನ್ನಾಗಿ ನಡೆದ ಯಂತ್ರವು ವೈಶಾಖದ ಮಧ್ಯಾಹ್ನ ತಗಡಿನ ಮಾಡಿನ ಕೆಳಗೆ ನಿಂತುಹೋದರೆ, ಆ ದಿನಗಳ ಲೆಕ್ಕವು ಮತ್ತೆ ಸಿಕ್ಕುವಂತಿಲ್ಲ. ಆದಕಾರಣ ವೇಗದ ಹದವನ್ನು ಊಹೆಯಿಂದ ಗೊತ್ತುಮಾಡದೆ ಪರೀಕ್ಷೆಯಿಂದ ಗೊತ್ತುಮಾಡತಕ್ಕದ್ದು. ಆ ಪರೀಕ್ಷೆಯನ್ನು ಯಂತ್ರವೇ ನಡೆಸುವಂತೆ ಏರ್ಪಡಿಸುವ ಕ್ರಮವನ್ನು ಇಲ್ಲಿ ವಿವರಿಸಿದೆ.

ಯಂತ್ರದ ಸ್ವರೂಪ:— ಇವುಗಳಲ್ಲಿ ಪ್ರಸಿದ್ಧವಾದದ್ದು ರಾಸ್ಬೆರಿ ಪೈ. ಮಕ್ಕಳಿಗೆ ಕಂಪ್ಯೂಟರ್ ವಿದ್ಯೆಯನ್ನು ಕಲಿಸುವ ಉದ್ದೇಶದಿಂದ ಇಂಗ್ಲೆಂಡಿನ ಕೇಂಬ್ರಿಜ್ ನಗರದಲ್ಲಿ ರಚಿತವಾದ ಇದು 2012ನೆಯ ಫೆಬ್ರವರಿ 29ರಂದು 35 ಡಾಲರು ಬೆಲೆಗೆ ಮಾರಾಟಕ್ಕೆ ಬಂದಿತು. ಮೊದಲ ಯಂತ್ರದ ವೇಗವು 700 ಮೆಗಾಹರ್ಟ್ಸ್ ಆಗಿದ್ದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅದನ್ನು 1000ದವರೆಗೆ ಏರಿಸುವ ಅನುಕೂಲವನ್ನು ತಯಾರಕರೇ ಒದಗಿಸಿದರು. 2019ರಲ್ಲಿ ಬಂದ ನಾಲ್ಕನೆಯ ಮಾದರಿಯು 1500ರಲ್ಲಿಯೂ, 2023ರಲ್ಲಿ ಬಂದ ಐದನೆಯ ಮಾದರಿಯು 2400ರಲ್ಲಿಯೂ ಓಡುವಂತೆ ಹೊರಬಂದವು. ವೇಗವನ್ನು ನಿಯಮಿಸುವ ಅಂಕಿಗಳು ಯಂತ್ರದ ನೆನಪಿನ ಕಾರ್ಡಿನಲ್ಲಿರುವ ಒಂದು ಚಿಕ್ಕ ಕಡತದಲ್ಲಿರುವುವು. ಯಂತ್ರವು ಪ್ರತಿಸಲ ಹೊರಡುವಾಗಲೂ ಅದನ್ನು ಓದಿಕೊಳ್ಳುವುದು.

ಶಾಖದ ಲೆಕ್ಕ:— ವೇಗವು ಏರಿದಂತೆ ಸಾಮಾನ್ಯವಾಗಿ ವೋಲ್ಟೇಜನ್ನೂ ಏರಿಸಬೇಕಾಗುವುದು. ಯಂತ್ರದ ಮಿದುಳಾದ ಚಿಪ್ಪಿನಲ್ಲಿ ಹುಟ್ಟುವ ಶಾಖವಾದರೋ, ಹೆಚ್ಚುಕಡಮೆ ವೇಗವನ್ನೂ ವೋಲ್ಟೇಜಿನ ವರ್ಗವನ್ನೂ ಗುಣಿಸಿದ ಪ್ರಮಾಣದಲ್ಲಿರುವುದು. ಎರಡನ್ನೂ ಹತ್ತನೆಯ ಒಂದು ಪಾಲಿನಷ್ಟು ಹೆಚ್ಚಿಸಿದರೆ ಶಾಖವು ಸುಮಾರು ಮೂರನೆಯ ಒಂದು ಪಾಲು ಹೆಚ್ಚುವುದು. ಅಂದರೆ ನೂರಕ್ಕೆ ಹತ್ತರ ಲಾಭಕ್ಕಾಗಿ ಮೂವತ್ತಮೂರರ ಖರ್ಚು. ಉಷ್ಣತೆಯು 80 ಡಿಗ್ರಿ ಸೆಲ್ಸಿಯಸನ್ನು ಮುಟ್ಟಿದೊಡನೆ ನಾಲ್ಕನೆಯ ಮಾದರಿಯ ಯಂತ್ರವು ತನ್ನನ್ನು ಕಾಪಾಡಿಕೊಳ್ಳುವುದಕ್ಕಾಗಿ ತಾನೇ ವೇಗವನ್ನು ತಗ್ಗಿಸತೊಡಗುವುದು. 85ಕ್ಕೆ ಬಂದರೆ ಇನ್ನಷ್ಟು ತಗ್ಗಿಸುವುದು. ಹೀಗೆ ಅತಿಯಾಗಿ ಏರಿಸಿದ ವೇಗವು ಕೈಗೆ ದಕ್ಕದೆ ಹೋಗುವುದು. ವಿದ್ಯುತ್ತು ಸಾಲದಿದ್ದರೂ ಇದೇ ಫಲ. 5 ವೋಲ್ಟಿರಬೇಕಾದ ಕಡೆ ಸುಮಾರು 4.63ಕ್ಕಿಂತ ಇಳಿದರೆ ಯಂತ್ರವು ಎಚ್ಚರಿಕೆಯ ಗುರುತನ್ನು ತೋರುವುದು.

ಪರೀಕ್ಷೆಯ ಕ್ರಮ:— ಹೊಸ ಗೊಬ್ಬರವನ್ನು ಪರೀಕ್ಷಿಸುವಾಗ ಏನೂ ಹಾಕದ ಒಂದು ಮಡಿಯನ್ನು ಹೋಲಿಕೆಗಾಗಿ ಬಿಡುವಂತೆ, ಇಲ್ಲಿಯೂ ಮೊದಲು ತಯಾರಕರ ವೇಗದಲ್ಲಿಯೇ ಯಂತ್ರಕ್ಕೆ ಅರ್ಧ ಗಂಟೆ ಪೂರ್ಣ ಕೆಲಸವನ್ನು ಕೊಟ್ಟು, ತಗಲಿದ ಕಾಲವನ್ನೂ ಏರಿದ ಉಷ್ಣತೆಯನ್ನೂ ದಾಖಲು ಮಾಡತಕ್ಕದ್ದು. ಅನಂತರ ಪರೀಕ್ಷಾ ಪ್ರೋಗ್ರಾಮು ವೇಗವನ್ನು 50 ಮೆಗಾಹರ್ಟ್ಸಿನಷ್ಟು ಏರಿಸಿ, “ಈ ಮೆಟ್ಟಿಲನ್ನು ಪ್ರಾರಂಭಿಸಿದೆ” ಎಂದು ದಾಖಲೆಯಲ್ಲಿ ಬರೆದು, ಯಂತ್ರವನ್ನು ಹೊಸದಾಗಿ ಹೊರಡಿಸುವುದು. ಹೊರಟ ಮೇಲೆ ಅದೇ ಕೆಲಸವನ್ನು ಮತ್ತೆ ಕೊಟ್ಟು ನಾಲ್ಕು ಸಂಗತಿಗಳನ್ನು ನೋಡುವುದು: ಲೆಕ್ಕದ ಉತ್ತರವು ಸರಿಯಾಗಿದೆಯೆ, ಉಷ್ಣತೆಯು 80ಕ್ಕೆ ಒಳಗಿದೆಯೆ, ವಿದ್ಯುತ್ತು ಇಳಿದ ಗುರುತುಂಟೆ, ಕಾಲವು ನಿಜವಾಗಿ ಉಳಿಯಿತೆ. ಇವುಗಳಲ್ಲಿ ಒಂದು ತಪ್ಪಿದರೂ ಆ ಮೆಟ್ಟಿಲನ್ನು ಬಿಟ್ಟು ಹಿಂದಿನದಕ್ಕೆ ಇಳಿಯುವುದು. ಒಂದು ಸಲಕ್ಕೆ ಒಂದೇ ಅಂಕಿಯನ್ನು ಬದಲಾಯಿಸತಕ್ಕದ್ದೆಂಬುದನ್ನು ಮರೆಯಬಾರದು. ನಾಲ್ಕರಲ್ಲಿ ಮೊದಲನೆಯದೇ ಮುಖ್ಯವಾದದ್ದು. ನಿಂತುಹೋದ ಯಂತ್ರವು ಕಣ್ಣಿಗೆ ಕಾಣುವುದು. ನಿಲ್ಲದೆ ತಪ್ಪು ಅಂಕಿಗಳನ್ನು ಬರೆಯುವ ಯಂತ್ರವು ಒಡೆಯನನ್ನು ತಿಂಗಳುಗಟ್ಟಲೆ ಮೋಸಗೊಳಿಸುವುದು.

ಯಂತ್ರವು ನಿಂತರೆ:— ಪರೀಕ್ಷೆಯ ನಡುವೆ ಯಂತ್ರವು ಸ್ತಬ್ಧವಾಗುವುದು ಸಹಜ. ಇದಕ್ಕಾಗಿ ಅದರಲ್ಲಿಯೇ ಒಂದು ಕಾವಲು ಗಡಿಯಾರವಿರುತ್ತದೆ. ಅದಕ್ಕೆ ಹೆಚ್ಚೆಂದರೆ 15 ಸೆಕೆಂಡಿನ ಅವಧಿಯನ್ನು ಕೊಡಬಹುದು. ಗೊತ್ತಾದ ಅವಧಿಯೊಳಗೆ ಪ್ರೋಗ್ರಾಮಿನಿಂದ ಸೂಚನೆ ಬಾರದಿದ್ದರೆ ಗಡಿಯಾರವೇ ಯಂತ್ರವನ್ನು ಹೊಸದಾಗಿ ಹೊರಡಿಸುವುದು. ಆಗ ಪ್ರೋಗ್ರಾಮು ದಾಖಲೆಯನ್ನು ಓದಿ, ಪ್ರಾರಂಭವಾಗಿ ಮುಗಿಯದ ಮೆಟ್ಟಿಲನ್ನು ಕಂಡು, ಅದು ಸೋತಿತೆಂದು ತಿಳಿದುಕೊಳ್ಳುವುದು. ನಾಲ್ಕನೆಯ ಮತ್ತು ಐದನೆಯ ಮಾದರಿಗಳಲ್ಲಿ ಹೊಸ ಅಂಕಿಗಳನ್ನು ಬೇರೊಂದು ಕಡತದಲ್ಲಿಟ್ಟು ಒಂದೇ ಒಂದು ಸಲ ಪ್ರಯತ್ನಿಸುವ ಸೌಕರ್ಯವೂ ಉಂಟು. ಆ ಪ್ರಯತ್ನವು ಕೆಟ್ಟರೆ ಮುಂದಿನ ಸಲ ಯಂತ್ರವು ಹಳೆಯ ಕಡತದಿಂದಲೇ ಹೊರಡುವುದು. ಈ ಏರ್ಪಾಡಿಲ್ಲದಿದ್ದರೆ ಕಾರ್ಡನ್ನು ತೆಗೆದು ಬೇರೆ ಕಂಪ್ಯೂಟರಿನಲ್ಲಿ ತಿದ್ದಬೇಕಾದೀತು. ಪರೀಕ್ಷೆಗೆ ಮುಂಚೆ ಕಾರ್ಡಿನ ಪ್ರತಿಯೊಂದನ್ನು ಮಾಡಿಡುವುದು ಅವಶ್ಯ.

ಋತುಭೇದ:— ಯಂತ್ರದ ಉಷ್ಣತೆಯು ಸುತ್ತಲಿನ ಗಾಳಿಯ ಉಷ್ಣತೆಯೊಡನೆ ಏರುವುದು. 24 ಡಿಗ್ರಿಯ ಕೋಣೆಯಲ್ಲಿ ಯಂತ್ರವು 66ರಲ್ಲಿ ನಿಂತಿತೆಂದು ಇಟ್ಟುಕೊಂಡರೆ, ಅದು ಗಾಳಿಗಿಂತ 42 ಡಿಗ್ರಿ ಹೆಚ್ಚಾಯಿತು. ಅದೇ ಯಂತ್ರವನ್ನು 40 ಡಿಗ್ರಿಯ ಪಂಪುಮನೆಯಲ್ಲಿಟ್ಟರೆ ಸುಮಾರು 82ಕ್ಕೆ ಏರಿ ಮೇರೆಯನ್ನು ದಾಟುವುದು. ರಾಯಚೂರು, ಕಲಬುರಗಿಗಳ ಬೇಸಗೆಯನ್ನು ಬಲ್ಲವರಿಗೆ ಇದರ ಅರ್ಥವನ್ನು ಹೇಳಬೇಕಾಗಿಲ್ಲ. ಆದುದರಿಂದ ಪರೀಕ್ಷೆಯನ್ನು ಯಂತ್ರವಿರುವ ಸ್ಥಳದಲ್ಲಿಯೇ, ಅದರ ಪೆಟ್ಟಿಗೆಯನ್ನು ಮುಚ್ಚಿಯೇ ನಡೆಸಿ, ಗೆದ್ದ ಕೊನೆಯ ಮೆಟ್ಟಿಲಿಗಿಂತ ಎರಡು ಮೆಟ್ಟಿಲು ಕೆಳಗೆ ನೆಲೆನಿಲ್ಲಿಸಿ, ಬೇಸಗೆಯಲ್ಲಿ ಪುನಃ ಪರೀಕ್ಷಿಸತಕ್ಕದ್ದು. ಲೋಹದ ಶಾಖಹೀರುಕವೂ ಸಣ್ಣ ಫ್ಯಾನೂ ಅಲ್ಪ ಖರ್ಚಿನಲ್ಲಿ ವಿಶೇಷ ಸಹಾಯಮಾಡುವುವು.

ತಗ್ಗಿಸುವುದೂ ಹದವೇ:— ಕಾಲು ಗಂಟೆಗೊಮ್ಮೆ ತೇವವನ್ನು ಅಳೆಯುವ ಯಂತ್ರಕ್ಕೆ ಹೆಚ್ಚಿನ ವೇಗದಿಂದ ಪ್ರಯೋಜನವೇನೂ ಇಲ್ಲ. ಸೂರ್ಯಶಕ್ತಿಯ ಬ್ಯಾಟರಿಯಿಂದ ನಡೆಯುವ ಯಂತ್ರಕ್ಕಂತೂ ಕೆಲಸಕ್ಕೆ ಸಾಲುವಷ್ಟು ಕಡಮೆ ವೇಗವೇ ಉತ್ತಮ. ಇದೇ ಪ್ರೋಗ್ರಾಮಿಗೆ ಮೇಲಕ್ಕೆ ಏರುವ ಬದಲು ಕೆಳಕ್ಕೆ ಇಳಿಯುವಂತೆ ಆಜ್ಞೆಕೊಟ್ಟರೆ ಆ ಹದವನ್ನೂ ಅದು ಕಂಡುಹಿಡಿಯುವುದು. ಚಿತ್ರಗಳನ್ನು ಪರಿಶೀಲಿಸುವ ಯಂತ್ರಕ್ಕೆ ಮಾತ್ರ ವೇಗದಿಂದ ನಿಜವಾದ ಅನುಕೂಲವುಂಟು.

ತಯಾರಕರು ಒಪ್ಪಿದ ಮೇರೆಗಳನ್ನು ಮೀರಿ ಅಂಕಿಗಳನ್ನು ಇಟ್ಟರೆ ಚಿಪ್ಪಿನಲ್ಲಿ ಅಳಿಸಲಾಗದ ಗುರುತು ಬೀಳಬಹುದೆಂಬುದನ್ನೂ ಜಮೀನುದಾರರು ತಿಳಿದಿರಬೇಕು. ಗ್ರಾಮದ ಮುಖಂಡರು ಮೊದಲು ಒಂದು ಯಂತ್ರವನ್ನು ಈ ಕ್ರಮದಿಂದ ಹದಕ್ಕೆ ತರಿಸಿ, ಅದರ ದಾಖಲೆಯನ್ನು ನೆರೆಯವರಿಗೆ ತೋರಿಸುವುದು ಒಳ್ಳೆಯದು. ಅತ್ಯಧಿಕ ವೇಗಕ್ಕಿಂತಲೂ ವರ್ಷದ ಎಲ್ಲ ದಿನಗಳಲ್ಲಿಯೂ ತಪ್ಪದೆ ಸಿಕ್ಕುವ ಸರಿಯಾದ ಲೆಕ್ಕವೇ ಬೇಸಾಯಗಾರನಿಗೆ ಬೇಕಾದದ್ದು.